ಅಂಗಾಲನ್ನೂ ತಿರುಗಿಸಿ ನೋಡ್ಕೊಳ್ಳಿ

ನಮ್ಮ ಅತ್ತೆ ಹಿಮ್ಮಡಿ ಮೇಲೆ ಒಂದು ಮಚ್ಚೆ ಇತ್ತು, ಇಂಕು ಚೆಲ್ಲಿ ಒಣಗಿದಂಗೆ, ಒಂದ್ ಕಡೆ ಕಡುಕಪ್ಪು ಇನ್ನೊಂದ್ ಕಡೆ ಕಂದು, ಅಂಚೆಲ್ಲ ಸೊಟ್ಟಸೊಟ್ಟ. ಆಣಿ ಇರ್ಬೇಕು ಅಂತ ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕ್ಕೊಂಡೇ ಓಡಾಡಿದ್ರು, ಬಯಾಪ್ಸಿ ಮಾಡಿದ್ಮೇಲೆ ಗೊತ್ತಾಯ್ತು ಮೆಲನೋಮಾ ಅಂತ, ಅಂದ್ರೆ ಒಂಥರಾ ಚರ್ಮದ ಕ್ಯಾನ್ಸರ್.

ಕಪ್ಪು ಚರ್ಮದವ್ರಿಗೆ ಚರ್ಮದ ಕ್ಯಾನ್ಸರ್ ಬರಲ್ಲ ಅನ್ನೋದು ತಪ್ಪು. ಅಂಗಾಲು, ಅಂಗೈ, ಉಗುರಿನ ಕೆಳಗೆ ಬರೋ ಈ ಥರದ್ದಕ್ಕೂ ಬಿಸಿಲಿಗೂ ಅಷ್ಟಾಗಿ ಸಂಬಂಧ ಇಲ್ಲ. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಲ್ಲಿ ಸಿಕ್ಕಿದ್ದು ಇದೇ, 1981ರಲ್ಲಿ ತೀರ್ಕೊಂಡಾಗ ಬರೀ 36 ವರ್ಷ.

ಉಗುರಲ್ಲಿ ಕಪ್ಪು ಗೆರೆ ಅಗಲ ಆಗ್ತಾ ಬಂದ್ರೆ, ಆ ಬಣ್ಣ ಬುಡದ ಚರ್ಮಕ್ಕೂ ಹರಡಿದ್ರೆ, ಹುಣ್ಣು ವಾಸಿನೇ ಆಗ್ದಿದ್ರೆ ದಯವಿಟ್ಟು ಕಾಯ್ಬೇಡಿ, ಚರ್ಮದ ಡಾಕ್ಟ್ರಿಗೆ ತೋರ್ಸಿ (ಕೆಲವು ಕಪ್ಪಗೇ ಇರಲ್ಲ, ಗುಲಾಬಿ ಬಣ್ಣದ ಗಂಟಿನ ಥರ ಇರತ್ತೆ, ಅವೇ ಜಾಸ್ತಿ ಮೋಸ ಮಾಡೋದು). ತೆಳುವಾಗಿದ್ದಾಗ್ಲೇ ಸಿಕ್ರೆ ಸುತ್ತ ಸುಮಾರು 1 ಸೆಂ.ಮೀ. ಚರ್ಮ ಸೇರಿಸಿ ಕತ್ತರಿಸಿ ತೆಗೆದ್ರೆ ಎಷ್ಟೋ ಸಲ ಅಷ್ಟೇ ಸಾಕು, ಆಳಕ್ಕಿಳಿದಿದ್ರೆ ತೊಡೆಸಂದಿನ ದುಗ್ಧಗ್ರಂಥಿಗೂ ಹರಡಿದ್ಯಾ ಅಂತ ಟೆಸ್ಟು, ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿನೇ ಕ್ಯಾನ್ಸರ್ ಮೇಲೆ ಹೋರಾಡೋ ಹಾಗೆ ಮಾಡೋ ಔಷಧಿ) ಅಂತ ದಾರಿ ಉದ್ದ ಆಗತ್ತೆ.

ಅತ್ತೆದು ತೆಳುವಾಗಿತ್ತು. ಈಗ್ಲೂ ತಿಂಗಳಿಗೊಂದ್ಸಲ ಸ್ನಾನ ಆದ್ಮೇಲೆ ಕನ್ನಡಿ ನೆಲದ ಮೇಲಿಟ್ಟು ಅಂಗಾಲು, ಬೆರಳ ಸಂದಿ ಎಲ್ಲ ನೋಡ್ಕೋತಾರೆ.