ಮಾರ್ಖಾ ಕಣಿವೆಯಲ್ಲಿ ಯಾವ ರಾತ್ರಿ ಎಲ್ಲಿ ಮಲಗಬೇಕು

ಕರ್ನಾಟಕದಲ್ಲಿ ಮುಳ್ಳಯ್ಯನಗಿರಿಯ 1,930 ಮೀಟರಿಗಿಂತ ಎತ್ತರವೇ ಇಲ್ಲ. ಕುಮಾರಪರ್ವತವನ್ನು ಒಂದೇ ದಿನಕ್ಕೆ ಹತ್ತಿಳಿಯುವವರ ಕಾಲಿಗೆ ಕಸುವಿರಬಹುದು, ಲಡಾಖಿನ ಮಾರ್ಖಾ ಕಣಿವೆಗೆ ಹೋಗುವವರು ಇಳಿಯುವ ಲೇಹ್‌ನ 3,500 ಮೀಟರಿನ ತೆಳು ಗಾಳಿ ಮಾತ್ರ ಅವರಿಗೂ ಹೊಸದೇ. ವಿಮಾನ ಇಳಿದ ಮೇಲೆ ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಮೂರು, ಅಲ್ಲೇ ಇರಿ. ಮೊದಲ ದಿನ ಶಾಂತಿ ಸ್ತೂಪದ ಮೆಟ್ಟಿಲೂ ಬೇಡ.

ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿನ ಮಾರ್ಖಾ ಕಣಿವೆಗೆ ಸುಲಭದ ಚಾರಣ ಎಂಬ ಹೆಸರಿದೆ. ಹಂಕರ್ ಊರಿನವರೆಗೆ ಅದು ನಿಜ. ಸ್ಕಿಯು, ಮಾರ್ಖಾ, ಹಂಕರ್, ಎಲ್ಲ ಕಡೆ ಹೋಮ್‌ಸ್ಟೇ ಸಿಗುತ್ತದೆ, ಏರೂ ನಿಧಾನ. ಹೊಳೆ ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆ. ಚಪ್ಪಲಿ ಹಾಕಿಕೊಂಡೇ ಇಳಿಯಿರಿ, ಬರಿಗಾಲಿಗೆ ಕಲ್ಲು ಕಾಣದು.

ಎಡವಟ್ಟಾಗುವುದು ಹಂಕರ್ ಬಿಟ್ಟ ಮೇಲೆ. ಹಂಕರ್ ಸುಮಾರು 4,000 ಮೀಟರ್, ನಿಮಾಲಿಂಗ್ ಹುಲ್ಲುಗಾವಲು ಸುಮಾರು 4,750. ಎತ್ತರದ ಕಾಯಿಲೆ ತಪ್ಪಬೇಕಾದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಒಂದೇ ನೆಗೆತಕ್ಕೆ ನಿಮಾಲಿಂಗ್ ಸೇರಿದರೆ ಈ ಲೆಕ್ಕ ತಪ್ಪುತ್ತದೆ. ನಡುವೆ ತಚುಂಗ್ತ್ಸೆಯಲ್ಲಿ ಒಂದು ರಾತ್ರಿ ತಂಗಿ. ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಈ ರಾತ್ರಿ ಅದರಲ್ಲಿ ಇದೆಯೇ ಎಂದು ಕೇಳಿಬಿಡಿ.

ನಿಮಾಲಿಂಗ್‌ನಲ್ಲಿ ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ಕೆಮ್ಮು ಶುರುವಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದೇ ತಿಳಿಯಿರಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ಮಿದುಳು ಬಾತಿರಬಹುದು. ಎರಡಕ್ಕೂ ರಾತ್ರಿಯಾದರೂ ಇಳಿಯಲೇಬೇಕು, ಅದೂ ಹಂಕರ್ ಕಡೆಗೆ. ಕೊಂಗ್ಮಾರು ಲಾ ಎಂಬ ಘಟ್ಟ ದಾಟಿದರೆ ರಸ್ತೆ ಹತ್ತಿರ ಎಂದು ಅನ್ನಿಸುತ್ತದೆ. ಆದರೆ ಅದಕ್ಕೆ ಮೊದಲು ಸುಮಾರು 5,200 ಮೀಟರಿಗೆ ಏರಬೇಕು. ಕಾಯಿಲೆಯವರು ಆ ಏರಿನಲ್ಲೇ ಕುಸಿಯುತ್ತಾರೆ.

ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡೈಯಾಮಾಕ್ಸ್ 125 ಮಿಲಿಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ, ಎಂಬುದು ರೂಢಿ. ಸಲ್ಫಾ ಅಲರ್ಜಿ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಏಳುವುದು ಮಾಮೂಲು.

ಸ್ವಂತ ಅಡುಗೆಯಾದರೆ ಕುಕ್ಕರ್ ಒಯ್ಯಿರಿ. ನಿಮಾಲಿಂಗ್‌ನಲ್ಲಿ ನೀರು 84-85 ಡಿಗ್ರಿಗೇ ಕುದಿಯುತ್ತದೆ, ಬರಿ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಾದರೂ ಕಾಳಾಗಿಯೇ ಇರುತ್ತದೆ. ಸಾರಿನ ಆಸೆ ಬಿಡಲಾಗದವರಿಗೆ ಮೂರು ಲೀಟರಿನ ಕುಕ್ಕರ್ ಭಾರವೇನಲ್ಲ.