ಹಲಗೆ ಹಾಕುವ ದಿನ ಪೇಟೆಯವರೂ ಬರಬೇಕು

ಕಳೆದ ಡಿಸೆಂಬರಿನ ಒಂದು ಭಾನುವಾರ ಇಡೀ ದಿನ ಹಿರಿಯಡ್ಕದ ಹತ್ತಿರ ಅಜ್ಜಿಮನೆಯ ತೋಡಿನಲ್ಲಿ, ಅಂದ್ರೆ ಸಣ್ಣ ಹಳ್ಳದಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಕೆಲಸ, ಅಂದ್ರೆ ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಇರುವ ಗೋಡೆಯ ಕಿಂಡಿಗಳನ್ನು ಹಲಗೆಯಿಂದ ಮುಚ್ಚಿ ನೀರು ನಿಲ್ಲಿಸುವುದು. ಸೊಂಟನೋವು ಮೂರು ದಿನ ಬಿಡಲಿಲ್ಲ. ಆದರೂ ತುಂಬಾ ಖುಷಿಯಾಯಿತು, ಯಾಕಂದ್ರೆ ಆ ದಿನ ತೋಟದವರ ಜೊತೆ ಉಡುಪಿ ಪೇಟೆಗೆ ನೀರು ಬಿಡುವ ಕಡೆಯವರೂ ಬಂದಿದ್ದರು. ನಾನು ಕಂಡ ಹಾಗೆ ಇದೇ ಮೊದಲು.

ನಮ್ಮ ತೋಡು ಬಜೆ ಅಣೆಕಟ್ಟಿಗಿಂತ ಮೇಲೆ ಸ್ವರ್ಣಾ ನದಿಗೆ ಸೇರುತ್ತದೆ. ಉಡುಪಿ ಪೇಟೆಗೆ ಬಜೆಯ ನೀರು ಬರುತ್ತದೆ. ಅಂದ್ರೆ ಮಾವನ ಅಡಿಕೆ ತೋಟಕ್ಕೂ ನನ್ನ ಫ್ಲಾಟಿನ ನಲ್ಲಿಗೂ ನೀರು ಒಂದೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಸೀದಾ ಸಮುದ್ರಕ್ಕೆ ಹೋಗುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿ ಉಡುಪಿಯಲ್ಲಿ ರೇಷನಿಂಗ್, ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ಇಳಿದು ಮಂಗಳೂರಿನಲ್ಲೂ ರೇಷನಿಂಗ್. ಆಗೆಲ್ಲ ಪೇಟೆಯಲ್ಲಿ ಒಂದೇ ಮಾತು: ಮೇಲಿನ ತೋಟದವರು ಪಂಪು ಇಟ್ಟು ಎಲ್ಲ ಎಳೆದರು. ಮಾವನಿಗೆ ಅದು ಇನ್ನೂ ನೋವು.

ಆ ಡಿಸೆಂಬರಿಗೆ ಮುಂಚಿನ ಮಳೆಗಾಲದಲ್ಲಿ ಅಣೆಕಟ್ಟಿನ ಬದಿಯ ದರೆ, ಅಂದ್ರೆ ಮಣ್ಣಿನ ದಂಡೆ, ಕುಸಿದು ತೋಡು ಗೋಡೆಯನ್ನು ಸುತ್ತುಬಳಸಿ ಪಕ್ಕದಲ್ಲೇ ಹೊಸ ದಾರಿ ಮಾಡಿಕೊಂಡಿತ್ತು. ಹಲಗೆ ಎಷ್ಟು ಗಟ್ಟಿಯಾಗಿ ಹಾಕಿದರೂ ನೀರು ನಿಲ್ಲುವುದಿಲ್ಲ, ತೋಟಕ್ಕೆ ನೀರು ಹೋಗುವ ಕಣಿಗೂ ಹತ್ತುವುದಿಲ್ಲ. ಅದನ್ನು ಕಟ್ಟುವಷ್ಟು ದುಡ್ಡು ಏಳೆಂಟು ಮನೆಯವರ ಹತ್ತಿರ ಎಲ್ಲಿಂದ ಬರಬೇಕು? ಮಾವ ನೀರಿನ ಆಫೀಸಿಗೆ ಹೋಗಿ ಇಂಜಿನಿಯರ ಹತ್ತಿರ ಹೇಳಿದರಂತೆ, "ಸಾರ್, ನೀವು ಮೇನಲ್ಲಿ ಬಂದು ಕೇಳಿದ್ರೆ ನಾನು ಎಲ್ಲಿಂದ ನೀರು ಕೊಡ್ಲಿ? ಈಗ ಬನ್ನಿ."

ಅವರು ಬಂದರು. ಜೆಸಿಬಿ, ಸಿಮೆಂಟು, ನಾಲ್ಕು ಜನ ಕೆಲಸದವರನ್ನು ಅವರು ತಂದರು. ಕಲ್ಲು, ಕೆಂಪು ಮಣ್ಣು, ಹಲಗೆ, ಊಟ ನಮ್ಮದು. ದರೆಯ ಕೆಲಸಕ್ಕೇ ಒಂದು ವಾರ ಹಿಡಿಯಿತು. ಆಮೇಲೆ ಹಲಗೆ. ಕಂಬದ ಉದ್ದಕ್ಕೂ ಇರುವ ಸೀಳಿನಲ್ಲಿ ಒಂದರ ಮೇಲೊಂದು ಇಳಿಸಿ ಎರಡು ಸಾಲು ಮಾಡಬೇಕು, ನಡುವಿನ ಸಂದಿಗೆ ಮಣ್ಣು ತುಂಬಿ ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಬೇಕು, ಎಲ್ಲಿ ಸೋರುತ್ತದೋ ಅಲ್ಲಿ ಬೈಹುಲ್ಲು ತುರುಕಬೇಕು. ಒಣ ಹಲಗೆ ಮೊದಲ ದಿನ ಸೋರುತ್ತದೆ. ನೀರು ಕುಡಿದು ಉಬ್ಬಿದ ಮೇಲೆ ತಾನಾಗಿಯೇ ಬಿಗಿಯಾಗುತ್ತದೆ.

ತೋಟದವರೂ ಪೇಟೆಯವರೂ ಸೇರಿ ಹೀಗೆ ಕೆಲಸ ಮಾಡುವುದು ನಮ್ಮಲ್ಲಿ ಹೊಸತು, ಬೇರೆ ಕಡೆ ಹಾಗಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಹಲವು ಕಾಲುವೆಗಳು ರೈತರೇ ಶೇರು ಹಾಕಿ ನಡೆಸುವ ಕಂಪನಿಗಳದ್ದು. ಲಾಂಗ್‌ಮಾಂಟ್‌ನಂಥ ನಗರಗಳಿಗೂ ಅದೇ ಕಂಪನಿಗಳಲ್ಲಿ ಶೇರು ಇದೆ. 2013ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಸೇಂಟ್ ವ್ರೇನ್ ನದಿಯಿಂದ ಕಾಲುವೆಗೆ ನೀರು ತಿರುಗಿಸುವ ಕಟ್ಟೆಗಳು ಕೊಚ್ಚಿಹೋದಾಗ ಅದು ರೈತನ ಕಷ್ಟವೂ ಹೌದು, ನಗರದ ಕಷ್ಟವೂ ಹೌದು. ಶೇರು ಇದ್ದಷ್ಟು ಖರ್ಚೂ ಹೊರಬೇಕು. ನಮ್ಮ ತೋಡಿಗೆ ಕಂಪನಿ ಬೇಡ. ಆ ಲೆಕ್ಕ ಮಾತ್ರ ನನಗೆ ಬಹಳ ಸರಿ ಅನ್ನಿಸುತ್ತದೆ, ಅಲ್ವಾ?

ಜಗಳವೇ ಇರಲಿಲ್ಲ ಅಂತಲ್ಲ. ಮೇಲೆ ನೀರು ಕಟ್ಟಿಟ್ಟರೆ ಕೆಳಗೆ ಬಜೆಗೆ ಏನು ಬರುತ್ತದೆ ಅಂತ ಇಂಜಿನಿಯರು ಕೇಳಿದರು. ನಿಂತ ನೀರು ಇಂಗಿ ಸುತ್ತಲಿನ ಬಾವಿಗಳು ಏಳುತ್ತವೆ, ತೋಡೂ ಬೇಗ ಒಣಗುವುದಿಲ್ಲ ಅಂತ ಮಾವ. ಇಬ್ಬರ ಮಾತೂ ನಿಜ. ಕೊನೆಗೆ ಚಾ ಕುಡಿಯುತ್ತಾ ಒಂದು ಒಪ್ಪಂದವಾಯಿತು: ಏಪ್ರಿಲ್‌ನಲ್ಲಿ ಬಜೆ ತುಂಬಾ ಇಳಿದರೆ ಮೇಲಿನ ಎರಡು ಹಲಗೆ ತೆಗೆಯುವುದು, ಅದಕ್ಕೆ ಮೊದಲು ಮಾವನಿಗೆ ಎರಡು ದಿನ ಮುಂಚೆ ಫೋನ್ ಮಾಡುವುದು. ಏಪ್ರಿಲ್ ಕೊನೆಗೆ ಫೋನ್ ಬಂತು. ಮಾವ ತಾವೇ ಹೋಗಿ ತೆಗೆದರು.

ಈಗ ಹಲಗೆಗಳೆಲ್ಲ ಹಟ್ಟಿಯ ಅಟ್ಟದಲ್ಲಿವೆ. ಎರಡು ಹಲಗೆಯ ತುದಿ ಕೊಳೆತಿದೆ, ನವೆಂಬರ್ ಒಳಗೆ ಬದಲಿಸಬೇಕು. ಒಂದು ನಾವು ಕೊಡ್ತೇವೆ, ಇನ್ನೊಂದು ಅವರು ತರ್ತಾರಂತೆ.