ಒಯ್ಯೋದು ಮೊದಲೋ, ಅಳೆಯೋದು ಮೊದಲೋ

ಭಾಲ್ಕಿ ಹತ್ತಿರದ ಅಕ್ಕನ ಹೊಲದಲ್ಲಿ ಈ ವಾರ ನೀಲಗಿರಿ ಕಡಿಸಿದರು. ಸಿಪ್ಪೆ ಸುಲಿದ ಬೊಡ್ಡೆಗಳನ್ನಷ್ಟೇ ಗುತ್ತಿಗೆದಾರ ಲಾರಿಗೆ ಹೇರಿಕೊಂಡು ಹೋದ. ಕಾಗದದ ಕಾರ್ಖಾನೆಗೆ ಸಿಪ್ಪೆ ಆಗಿಬರುವುದಿಲ್ಲ, ತಿರುಳಿನಲ್ಲಿ ಚುಕ್ಕೆ ಏಳುತ್ತದೆ. ಹೊಲದ ತುಂಬ ಉಳಿದ ತುದಿ, ಟೊಂಗೆ, ಎಲೆ ಬಾಯ್ಲರಿಗೆ ಉರುವಲಾಗಿ ಎಷ್ಟು ಸಿಕ್ಕೀತೆಂದು ಅಳೆಯಲು ಶಿವಮೊಗ್ಗ ಕಡೆಯ ಸಂಶೋಧನಾ ವಿದ್ಯಾರ್ಥಿಯೊಬ್ಬ ಬಂದಿದ್ದ.

ಎಲ್ಲವನ್ನೂ ತೂಗುತ್ತ ಕೂತರೆ ಮಳೆಗಾಲವೇ ಬಂದೀತು. ಅದಕ್ಕೆ ಹಗ್ಗ ಎಳೆದು, ಹಗ್ಗಕ್ಕೆ ಅಡ್ಡ ಬಿದ್ದ ಕಟ್ಟಿಗೆಯ ದಪ್ಪ ಮಾತ್ರ ಬರೆದುಕೊಂಡು, ಅದರಿಂದಲೇ ಇಡೀ ಹೊಲದ ಅಂದಾಜು ಹಾಕುತ್ತಾನೆ. ನ್ಯೂಜಿಲೆಂಡಿನಲ್ಲಿ ಇಂಥ ಉಳಿಕೆ ಅಳೆಯಲೆಂದೇ ವಾರೆನ್, ಓಲ್ಸನ್ ಎಂಬಿಬ್ಬರು 1964ರಲ್ಲಿ ಕೊಟ್ಟ ಉಪಾಯ. ದಪ್ಪದ ವರ್ಗ, ಅಂದರೆ ದಪ್ಪವನ್ನು ದಪ್ಪದಿಂದಲೇ ಗುಣಿಸಿದ್ದನ್ನು, ಕೂಡಿಸುವ ಲೆಕ್ಕವಾದ್ದರಿಂದ 1 ಸೆಂ.ಮೀ. ಕಡ್ಡಿಗಿಂತ 5 ಸೆಂ.ಮೀ. ಟೊಂಗೆಗೆ 25 ಪಟ್ಟು ಬೆಲೆ. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಮಾದರಿ ತುಂಡುಗಳನ್ನು 105 ಡಿಗ್ರಿಯಲ್ಲಿ ಒಣಗಿಸಿದಾಗಲೇ ನಿಜವಾದ ತೂಕ. ಹುಡುಗ ಶ್ರದ್ಧಾವಂತ, ಬಿಸಿಲಿಗೆ ಅಂಜುವವನಲ್ಲ. ತಲೆ ಎತ್ತಿ ಮನುಷ್ಯರನ್ನು ನೋಡುವುದು ಮಾತ್ರ ಕಡಿಮೆ.

ಬದುವಿನ ಮೇಲೆ ಕುಡಗೋಲು ಹಿಡಿದು ನಿಂತಿದ್ದ ಮುದುಕಿಯೇ ಕೇಳಿದಳು: "ಯಪ್ಪಾ, ನೀ ಅಳದ ಮ್ಯಾಲ ನಾವು ಒಯ್ಬೇಕೋ, ನಾವು ಒಯ್ದ ಮ್ಯಾಲ ನೀ ಅಳೀತಿಯೋ?"

"ಮುಗಿಯೋವರೆಗೂ ಮುಟ್ಟಬೇಡಿ ಅಜ್ಜಿ, ಲೆಕ್ಕ ತಪ್ಪುತ್ತೆ."

"ಅಲ್ಲಿ ತನಕ ಒಲಿಗಿ ಏನ್ ಹಾಕ್ಲಿ?"

ಅವಳ ಮೊದಲ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಮೊದಲು ಅಳೆದರೆ ಎಲ್ಲವೂ ಬಾಯ್ಲರಿಗೆ ಸಿಗುವ ಮಾಲು ಎಂದು ಕಾಗದದ ಮೇಲೆ ಬರುತ್ತದೆ. ಅವಳು ಒಯ್ದ ಮೇಲೆ ಅಳೆದರೆ ಉಳಿಯುವುದು ಎಲೆ, ಸಿಪ್ಪೆ, ಸಣ್ಣ ಕಡ್ಡಿ. ಸಿಪ್ಪೆಯಲ್ಲಿ ಬೂದಿ ಜಾಸ್ತಿ. ಎಲೆಯಲ್ಲಿ ಮಣ್ಣಿನ ಸಾರವಿದೆ, ಬೀದರಿನ ಈ ಕೆಂಪು ಜಂಬಿಟ್ಟಿಗೆ ನೆಲದಿಂದ ಅದನ್ನೂ ಗುಡಿಸಿ ಒಯ್ದರೆ ಹೊಲಕ್ಕೆ ಉಳಿಯುವುದೇನು? ವರ್ಗದ ಲೆಕ್ಕದಲ್ಲಿ ತೂಗುವ ಟೊಂಗೆಗಳನ್ನೇ ಮುದುಕಿಯೂ ಆರಿಸುತ್ತಾಳೆ. 2016ರಲ್ಲಿ ಉಜ್ವಲಾ ಬಂತು, ಅವಳ ಮನೆಯಲ್ಲೂ ಸಿಲಿಂಡರ್ ಇದೆ. ಚಹಾ ಅದರ ಮೇಲೆ, ಜೋಳದ ರೊಟ್ಟಿ ಒಲೆಯ ಮೇಲೆ.

ಅಕ್ಕ "ಒಯ್ಲಿ ಬಿಡು, ಹೊಲ ಸ್ವಚ್ಛ ಆಗ್ತದ" ಅಂದಳು. ಅದು ಪೂರ್ತಿ ಔದಾರ್ಯವಲ್ಲ, ಆಳಿನ ಕೂಲಿ ಉಳಿಯುತ್ತದೆ.

ಒಲೆಗೆ ಹೋಗುವುದಕ್ಕೂ ಒಂದು ಕಾಲಂ ಹಾಕು ಎಂದೆ ಹುಡುಗನಿಗೆ. "ಗೈಡ್ ಒಪ್ಪಲ್ಲ ಸಾರ್" ಅಂದವನು ಮರುದಿನ ತಾನಾಗಿಯೇ ಮುದುಕಿಯ ಹೊರೆಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಲು ಹೋದ. ಆಕೆ ಹೊರೆ ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕೋ, ತೂಗಿ ರೊಕ್ಕಾ ಕೇಳಾಂವೇನು?"